ಬಾಗಿಲು ತೆರೆದ ಕಾರಿಗೆ ಎಷ್ಟು ಜಾಗ ಬೇಕು

ನಮ್ಮ ಅತ್ತೆಯವರು ಆಸ್ಪತ್ರೆಯಿಂದ ಮನೆಗೆ ಬಂದದ್ದು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಕಾರೇನೋ ಮನೆ ಮುಂದಿನವರೆಗೂ ಬಂತು. ಆದರೆ ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಎದುರು ಮನೆಯ ಕಾರು, ಪಕ್ಕದ ಮನೆಯ ಸ್ಕೂಟರುಗಳು ನಿಂತ ಮೇಲೆ ಉಳಿಯುವುದು ಒಂದು ಗಾಡಿ ದಾಟುವಷ್ಟು ಜಾಗ. ರಸ್ತೆಗೂ ಗೇಟಿಗೂ ನಡುವೆ ಚರಂಡಿ, ಅದರ ಮೇಲೆ ಒಂದು ಕಡೆ ಕುಸಿದ ಚಪ್ಪಡಿ. ಗೇಟು ಒಬ್ಬರು ನುಸುಳುವಷ್ಟು ಅಗಲ. ಒಳಗೆ ಬಂದರೆ ಬಾಗಿಲಿಗೆ ಎರಡು ಮೆಟ್ಟಿಲು.

ನಮ್ಮ ಮನೆಯವರು ಒಂದು ಬದಿ, ಎದುರು ಮನೆಯವರು ಇನ್ನೊಂದು ಬದಿ ಹಿಡಿದು ಕುರ್ಚಿ ಎತ್ತಿದರು. ಹಿಂದೆ ಗ್ಯಾಸ್ ಸಿಲಿಂಡರಿನ ಆಟೋ ಹಾರನ್ ಹೊಡೆಯುತ್ತಲೇ ಇತ್ತು. ಬೀದಿಯವರೆಲ್ಲ ಅವರವರ ಗೇಟಿಗೆ ಬಂದು ನಿಂತರು, ಒಳ್ಳೆಯ ಮನಸ್ಸಿನಿಂದಲೇ. ಅತ್ತೆಯವರು ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಯಾರ ಮನೆಯಲ್ಲಿ ಬಾಣಂತನವಾಗಲಿ, ಯಾರ ಮನೆಯಲ್ಲಿ ಸಾವಾಗಲಿ, ಮೊದಲು ಹೋಗಿ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಲ್ಲುತ್ತಿದ್ದ ಹೆಂಗಸು ಅವರು.

ಮಂಚದ ಮೇಲೆ ಕೂರಿಸಿ ನೀರು ಕೊಟ್ಟಾಗ ಅವರು ಹೇಳಿದ್ದು ಒಂದೇ ಮಾತು.

“ಇನ್ನು ನನ್ನ ಈ ಮನೆಯಿಂದ ಎತ್ತೋದು ಒಂದೇ ಸಲ ಕಣಮ್ಮ. ಅದಕ್ಕೂ ಮುಂಚೆ ಯಾರೂ ಎತ್ತಕೂಡದು.”

ಅಷ್ಟೇ. ಅವರು ಹಟ ಹಿಡಿದರೆ ಕೂಗಾಡುವವರಲ್ಲ, ಸುಮ್ಮನಾಗಿಬಿಡುವವರು. ಡಾಕ್ಟರು ಕೊಟ್ಟ ದಿನಕ್ಕೆ ಹೋಗಲಿಲ್ಲ. ಕಾಲಿನ ವ್ಯಾಯಾಮ ಮಾಡಿಸುವ ಕಡೆಗೂ ಹೋಗಲಿಲ್ಲ. ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ. ಡಾಕ್ಟರು ಫೋನಿನಲ್ಲಿ ನನಗೆ ಬಿಡಿಸಿ ಹೇಳಿದರು: ಹೀಗೇ ಬಿಟ್ಟರೆ ಕಾಲು ಗಟ್ಟಿಯಾಗಿ ಹಾಗೇ ನಿಂತುಬಿಡುತ್ತದೆ, ಆಮೇಲೆ ನಾನು ಮಾಡುವಂಥದ್ದು ಏನೂ ಇರುವುದಿಲ್ಲ.

ಮಾರನೆಯ ಬೆಳಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ನಾನು ಹೆಚ್ಚು ಏನೂ ಕೇಳಲಿಲ್ಲ. ಅವರ ಮನಸ್ಸು ಬದಲಾಯಿಸು ಎಂದೂ ಕೇಳಲಿಲ್ಲ, ಏಕೆಂದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಎತ್ತಿಸಿಕೊಳ್ಳುವುದು ಯಾರಿಗೆ ಬೇಕು? ಅವರನ್ನು ಕಾರಿನ ಹತ್ತಿರಕ್ಕೆ ಎತ್ತಿಕೊಂಡು ಹೋಗುವ ಬದಲು ಕಾರೇ ಅವರ ಹತ್ತಿರಕ್ಕೆ ಬರಬೇಕು. ಗೇಟು ದಾಟಿ, ಬಾಗಿಲವರೆಗೂ ಬರಬೇಕು. ಅದಕ್ಕೊಂದು ಶೆಡ್ಡು ಕಟ್ಟಿಸಬೇಕು. ತಾಯಿ ಚಾಮುಂಡಿ, ಇದೊಂದಕ್ಕೆ ದಾರಿ ತೋರಿಸು ಅಂದೆ. ಮಂಗಳಾರತಿ ಆರುವ ಮುಂಚೆಯೇ ನಿರ್ಧಾರ ಮಾಡಿಬಿಟ್ಟಿದ್ದೆ.

ಕೈಯಲ್ಲಿದ್ದದ್ದು ಎರಡು ಲಕ್ಷ. ನಾನು ಬ್ಲೌಸು ಹೊಲಿದು ಕಟ್ಟಿಕೊಂಡು ಬಂದ ಚೀಟಿಯ ದುಡ್ಡು, ಅದರ ಜೊತೆಗೆ ಮನೆಯವರ ಉಳಿತಾಯ. ಸಾಲ ಮಾಡುವುದಿಲ್ಲ ಎಂದು ಅವರು ಹೇಳಿದರು, ನಾನೂ ಒಪ್ಪಿದೆ. ಇನ್ನೆರಡು ವರ್ಷಕ್ಕೆ ಅವರಿಗೆ ಕೆಲಸದಿಂದ ನಿವೃತ್ತಿ. ಆ ವಯಸ್ಸಿನಲ್ಲಿ ಕಂತು ಕಟ್ಟುವುದು ಬೇಡ.

ಜಾಗದ ವಿಷಯ ಹೇಳಿಬಿಡುತ್ತೇನೆ. ನಮ್ಮದು ಮಾವನವರು ಕಟ್ಟಿಸಿದ ಮನೆ. ಮನೆಯ ಒಂದು ಪಕ್ಕಕ್ಕೆ, ಕಾಂಪೌಂಡಿಗೂ ಗೋಡೆಗೂ ನಡುವೆ, ಗೇಟಿನಿಂದ ಬಾಗಿಲವರೆಗೆ ಹತ್ತಡಿ ಅಗಲದ ಅಂಗಳ. ಹದಿನೆಂಟಡಿ ಉದ್ದ. ಅದರಲ್ಲಿ ಕಾಂಪೌಂಡಿಗೆ ಸೇರಿದಂತೆ ತುಳಸಿ ಕಟ್ಟೆ, ಮೂರಡಿ ಅಗಲದ್ದು. ಗೃಹಪ್ರವೇಶದ ಹಿಂದಿನ ವಾರ ಮಾವನವರು ತಮ್ಮ ಕೈಯಾರೆ ಇಟ್ಟಿಗೆ ಜೋಡಿಸಿ ಕಟ್ಟಿದ್ದು. ಅತ್ತೆಯವರು ನಂಜನಗೂಡಿನ ಹತ್ತಿರದ ತವರಿನಿಂದ ಗಿಡ ತಂದು ನೆಟ್ಟರು. ಗಿಡ ಒಣಗಿದರೂ ಅದರ ಬೀಜ ಅಲ್ಲೇ ಬಿದ್ದು ಮತ್ತೆ ಹುಟ್ಟಿಕೊಂಡು ಬಂದಿದೆ. ಬೇರೆ ಗಿಡ ಆ ಕಟ್ಟೆ ಕಂಡಿಲ್ಲ. ನಾನು ಸೊಸೆಯಾಗಿ ಬಂದ ಮರುದಿನದಿಂದ ಬೆಳಗ್ಗೆ ಮೊದಲ ನೀರು ಅದಕ್ಕೇ.

ಸುದ್ದಿ ತಿಳಿದು ಮೊದಲು ಬಂದವರು ಮೈದುನ. ಅವರು ಬೋಗಾದಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಾರೆ, ಕೆಳಗೆ ಎರಡು ಕಾರು ನಿಲ್ಲುತ್ತವೆ. ನಮ್ಮ ಕಾರೂ ಅವರು ಓಡಿಸಿ ಬಿಟ್ಟದ್ದೇ. ಮನೆ ಕಟ್ಟಿಸಿದವರಿಗೆ ಒಂದು ಧೈರ್ಯ ಬಂದಿರುತ್ತದೆ, ಕೇಳದೇ ಲೆಕ್ಕ ಹೇಳುತ್ತಾರೆ. ಉಪ್ಪಿಟ್ಟು ತಿನ್ನುತ್ತಲೇ ಹೇಳಿದರು.

“ನಾಲ್ಕು ಕಂಬ, ಮೇಲೊಂದು ಶೀಟು. ಎಪ್ಪತ್ತು ಸಾವಿರದ ಮೇಲೆ ಹೋದ್ರೆ ನನ್ನ ಕೇಳಿ ಅತ್ತಿಗೆ.”

ದೊಡ್ಡ ಗೇಟು ಅದರಲ್ಲೇ ಬರುತ್ತಾ ಅಂದೆ. ಅದು ಬೇರೆ ಅಂದರು. ಕಾಂಪೌಂಡು ಒಡೆದು ಹೊಸ ಪಿಲ್ಲರ್ ಕಟ್ಟುವುದು? ಅದೂ ಬೇರೆ. ಚರಂಡಿಯ ಚಪ್ಪಡಿ, ನೆಲದ ಕಾಂಕ್ರೀಟು? ಅವೂ ಬೇರೆ. ಹಾಗಾದರೆ ಎಪ್ಪತ್ತು ಸಾವಿರ ಬರೀ ನೆರಳಿಗೆ ಅಂದೆ. ಅವರು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡರು.

ಆಮೇಲೆ ಮನೆಯವರ ಆಫೀಸಿನವರೊಬ್ಬರು ಒಬ್ಬ ಎಂಜಿನಿಯರನ್ನು ಕಳಿಸಿದರು. ಆತ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತಂದರು. ಕಾಂಕ್ರೀಟಿನ ತಾರಸಿ, ಅದರ ಮೇಲೆ ಮುಂದೆ ಒಂದು ರೂಮು, ಆ ರೂಮಿಗೆ ಬಾಡಿಗೆ. ಚಿತ್ರದಲ್ಲಿ ನಮ್ಮ ಮನೆಯ ಮುಂದೆ ನಮ್ಮದಲ್ಲದ ಕೆಂಪು ಕಾರು ನಿಂತಿತ್ತು, ತುಳಸಿ ಕಟ್ಟೆ ಇದ್ದ ಕಡೆ ಹುಲ್ಲುಹಾಸು ಇತ್ತು. ಒಟ್ಟು ನಾಲ್ಕೂವರೆ ಲಕ್ಷ. ಮನೆಯವರು ಆ ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಅವರಿಗೆ ಆಸೆಯಾಗಿತ್ತು, ನನಗೆ ಗೊತ್ತಾಯಿತು. ಬಾಯಿಬಿಟ್ಟು ಹೇಳಲಿಲ್ಲ, ಅದು ಅವರ ಒಳ್ಳೆಯತನ. ಕಾಫಿ ಕೊಟ್ಟು ಎಂಜಿನಿಯರಿಗೆ ಕೈಮುಗಿದೆ.

ಕೊನೆಗೆ ಬಂದವರು ಹಿಂದೊಮ್ಮೆ ನಮ್ಮ ತಾರಸಿ ಸೋರಿದಾಗ ರಿಪೇರಿ ಮಾಡಿದ್ದ ಮೇಸ್ತ್ರಿ. ಟೇಪು ಹಿಡಿದು ಅಂಗಳವನ್ನೆಲ್ಲ ಅಳೆದರು. ಕಾರಿನ ಅಗಲ ಐದೂವರೆ ಅಡಿ, ಕಟ್ಟೆ ಮೂರು, ಹತ್ತರಲ್ಲಿ ಇನ್ನೂ ಒಂದೂವರೆ ಅಡಿ ಉಳಿಯುತ್ತೆ, ಕಾರು ಆರಾಮಾಗಿ ನಿಲ್ಲುತ್ತೆ ಎಂದರು. ಕಬ್ಬಿಣದ ಕಂಬ, ಶೀಟು, ದೂಡುವ ಗೇಟು, ಚಪ್ಪಡಿ, ನೆಲ, ಎಲ್ಲ ಸೇರಿ ಒಂದು ಲಕ್ಷ ಎಪ್ಪತ್ತೈದು ಸಾವಿರ. ಎಲ್ಲರೂ ಸಂತೋಷಪಟ್ಟೆವು. ಇಪ್ಪತ್ತೈದು ಸಾವಿರ ಕೈಯಲ್ಲೇ ಉಳಿಯುತ್ತದೆ. ನೀರಿನ ಸಂಪು ಅಂಗಳದಲ್ಲಿಲ್ಲ, ಹಿಂದುಗಡೆ ಇದೆ, ಹಾಗಾಗಿ ಚಕ್ರದ ಭಾರಕ್ಕೆ ಅದರ ಮುಚ್ಚಳ ಬದಲಾಯಿಸುವ ಖರ್ಚಿಲ್ಲ. ಅದೊಂದು ದಯೆ. ಎಲ್ಲಕ್ಕಿಂತ ಹೆಚ್ಚಾಗಿ ತುಳಸಮ್ಮ ಇದ್ದಲ್ಲೇ ಇರುತ್ತಾಳೆ. ಆ ಸಂಜೆ ಅವಳ ಮುಂದೆ ಒಂದು ದೀಪ ಹೆಚ್ಚಿಗೆ ಇಟ್ಟೆ.

ಮುಂದಿನ ಸೋಮವಾರ ಮೇಸ್ತ್ರಿ ಅಡ್ವಾನ್ಸ್ ತೆಗೆದುಕೊಳ್ಳಲು ಬರುವವರಿದ್ದರು.

ಸೋಮವಾರ ಬೆಳಗ್ಗೆ ಎಂದಿನಂತೆ ಅಂಗಳ ಸಾರಿಸಿ, ಗೇಟಿನ ಮುಂದೆ, ಕಟ್ಟೆಯ ಮುಂದೆ ರಂಗೋಲಿ ಹಾಕಿದೆ. ಬಟ್ಟಲಲ್ಲಿ ಇನ್ನೂ ಪುಡಿ ಉಳಿದಿತ್ತು. ಕಾರು ಒಳಗೆ ಬಂದರೆ ರಂಗೋಲಿಗೆ ಎಷ್ಟು ಜಾಗ ಉಳಿಯುತ್ತದೋ ನೋಡೋಣ ಅನ್ನಿಸಿತು. ನಿಜ ಹೇಳಬೇಕೆಂದರೆ ಅಷ್ಟೇ, ಬೇರೆ ಯಾವ ಯೋಚನೆಯೂ ಇರಲಿಲ್ಲ. ಒಳಗಿನಿಂದ ಹೊಲಿಗೆಯ ಟೇಪು ತಂದೆ. ಕಟ್ಟೆಯಿಂದ ಸ್ವಲ್ಪ ಈಚೆಗೆ ಒಂದು ಗೆರೆ ಎಳೆದೆ, ಐದೂವರೆ ಅಡಿ ಬಿಟ್ಟು ಇನ್ನೊಂದು. ಉದ್ದಕ್ಕೆ ಹನ್ನೆರಡು. ಚಕ್ರ ಇರುವ ಕಡೆ ನಾಲ್ಕು ಕಮಲ ಬಿಡಿಸಿದೆ. ಅತ್ತೆಯವರು ಕೂರುವ ಮುಂದಿನ ಎಡ ಸೀಟಿಗೆ ಒಂದು ಚೌಕ. ಚೌಕದ ನಡುವೆ ಅಭ್ಯಾಸಬಲದಿಂದ ಒಂದು ಚುಕ್ಕಿ ಇಟ್ಟು ಕುಂಕುಮವನ್ನೂ ಹಾಕಿದೆ.

ಆಮೇಲೆ ಆ ಸೀಟಿನ ಬಾಗಿಲು ತೆರೆಯಲು ಹೋದೆ. ಕಾರಿನ ಬಾಗಿಲು ತೆರೆದಾಗ ಎಷ್ಟು ಚಾಚುತ್ತದೆ ಎಂದು ನನಗೆ ಅಂದಾಜಿತ್ತು, ಎಷ್ಟೋ ಸಲ ಹೊಟ್ಟೆಗೆ ತಗುಲಿಸಿಕೊಂಡಿದ್ದೇನೆ. ಮೂರಡಿಗೆ ಸ್ವಲ್ಪ ಕಡಿಮೆ. ಗೆರೆ ಎಳೆದುಕೊಂಡು ಹೋದೆ. ಅರ್ಧಕ್ಕೇ ಕೈ ಗೋಡೆಗೆ ಬಡಿಯಿತು.

ಆಮೇಲೆ ಕಾರನ್ನು ತಿರುಗಿಸಿ ನೋಡಿದೆ, ಅಂದರೆ ಮನಸ್ಸಿನಲ್ಲಿ. ಎಡಬದಿ ಕಟ್ಟೆಯ ಕಡೆಗೆ ಬಂದರೆ ಬಾಗಿಲು ಕಟ್ಟೆಗೆ ಬಡಿಯುತ್ತದೆ. ಎರಡು ಕಡೆಯೂ ಸೇರಿ ಉಳಿಯುವುದು ಅದೇ ಒಂದೂವರೆ ಅಡಿ. ಒಳಗೆ ಹೋಗಿ ಅತ್ತೆಯವರ ವಾಕರ್ ಸದ್ದಿಲ್ಲದೆ ಎತ್ತಿಕೊಂಡು ಬಂದು ಗೆರೆಗೂ ಗೋಡೆಗೂ ನಡುವೆ ಇಟ್ಟೆ. ಅದರ ಎರಡು ಕಾಲು ಕಾರಿನೊಳಗೆ ನಿಂತವು.

ಮನೆಯವರು ಕಾಫಿ ಲೋಟ ಹಿಡಿದು ಹೊರಗೆ ಬಂದವರು ಹೊಸ್ತಿಲಲ್ಲೇ ನಿಂತರು. ಎದುರು ಮನೆಯವರು ಹಾಲು ತರಲು ಹೊರಟಿದ್ದರು, ಗೇಟಿನ ಮೇಲಿಂದ ಇಣುಕಿದರು.

“ಏನ್ರೀ, ಶೋರೂಮಿಂದ ಹೊಸಾ ಗಾಡಿ ಬಂದಂಗಿದೆ. ಪೂಜೇನೂ ಆಗೋಯ್ತಾ?”

ಮನೆಯವರಿಗೆ ವಾಕರ್ ತೋರಿಸಿದೆ. ಅವರು ಒಂದೊಂದೇ ಗೆರೆ ನೋಡಿದರು, ಲೋಟದ ಕಾಫಿ ಆರಿಹೋಯಿತು. ಅಳತೆಯನ್ನೆಲ್ಲ ನಾವು ಬಾಗಿಲು ಮುಚ್ಚಿದ ಕಾರಿಗೆ ಮಾಡಿದ್ದೆವು. ಕಾರು ಮಳೆಯಲ್ಲಿ ನೆನೆಯದೆ ಸುಖವಾಗಿ ನಿಲ್ಲುತ್ತಿತ್ತು. ಅದರೊಳಗೆ ಯಾರೂ ಹತ್ತಲು ಆಗುತ್ತಿರಲಿಲ್ಲ.

ಮೇಸ್ತ್ರಿ ಬಂದಾಗ ರಂಗೋಲಿ ಹಾಗೇ ಇತ್ತು. ಅವರು ಚಪ್ಪಲಿ ಬಿಟ್ಟು, ಗೆರೆ ತುಳಿಯದೆ ಸುತ್ತು ಬಂದರು.

“ಕಟ್ಟಿರೋ ಶೆಡ್ಡೆಲ್ಲಾ ಇಂಗೇ ಕಣಮ್ಮ. ಜನ ರಸ್ತೇಲೇ ಇಳ್ಕೊತಾರೆ, ಆಮೇಲೆ ಗಾಡಿ ಒಳಕ್ಕೆ ಬಿಡ್ತಾರೆ. ಅಜ್ಜೀನೂ ಅಂಗೇ ಗೇಟ್ ತಾವ ಇಳಿಸ್ಬುಟ್ರೆ ಆಯ್ತು.”

“ಗೇಟ್ ಹತ್ರ ಇಳಿಸೋದಾಗಿದ್ರೆ ನನಗೆ ಶೆಡ್ಡೇ ಬೇಡ ಮೇಸ್ತ್ರಿ. ನಾನು ಕಟ್ಟಿಸ್ತಿರೋದು ಕಾರಿಗಲ್ಲ.”

ಹಾಗಾದರೆ ಕಟ್ಟೆ ತೆಗೆಯಬೇಕಾಗುತ್ತದೆ ಎಂದರು ಮೇಸ್ತ್ರಿ, ದನಿ ತಗ್ಗಿಸಿ. ಮನೆಯವರು ನನ್ನ ಮುಖ ನೋಡಿದರು. ನಾನು ಕಟ್ಟೆಯ ಕಡೆ ನೋಡಿದೆ. ಅಡ್ವಾನ್ಸ್ ಕೊಡಲಿಲ್ಲ, ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿದೆವು.

ಆ ಇಡೀ ದಿನ ನನಗೆ ಅಡುಗೆಯಲ್ಲಿ ಮನಸ್ಸಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ಮತ್ತೆ ಮತ್ತೆ ರುಚಿ ನೋಡಿದೆ. ಈ ಮನೆಯಲ್ಲಿ ನಾನು ಎದ್ದ ಕೂಡಲೇ ಕೈಮುಗಿಯುವ ಜಾಗ ಅದು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಆ ಕಟ್ಟೆಯ ಅಂಚನ್ನು ಅಂಗೈಯಿಂದ ಸವರುತ್ತಾ ಕೂರುತ್ತಿದ್ದುದನ್ನು ನೋಡಿದ್ದೇನೆ. ಕಟ್ಟೆಯ ವಿಷಯ ಅಮ್ಮನ ಹತ್ತಿರ ಕೇಳಬೇಡ ಎಂದರು ಮನೆಯವರು. ಅಮ್ಮನಿಗೆ ಕಾಲೂ ಹೋಗಿ, ಅಪ್ಪ ಕಟ್ಟಿದ್ದೂ ಹೋದರೆ ಏನು ಉಳಿಯುತ್ತೆ ಎಂದರು. ಆದರೆ ಡಾಕ್ಟರು ಹೇಳಿದ ಮಾತು ಕಿವಿಯಿಂದ ಹೋಗುತ್ತಿರಲಿಲ್ಲ. ಬೈಸಿಕೊಂಡರೂ ಸರಿ, ನಾನೇ ಕೇಳುತ್ತೇನೆ ಎಂದು ಸಂಜೆ ಕಾಫಿಯ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿ ಅವರ ಕೋಣೆಗೆ ಹೋದೆ.

ಅವರ ಮಂಚ ಇರುವುದು ಬೀದಿ ಕಡೆಯ ಕಿಟಕಿಯ ಪಕ್ಕ. ಅಂಗಳದಲ್ಲಿ ಆಡಿದ ಮಾತೆಲ್ಲ ಅಲ್ಲಿಗೆ ಕೇಳುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಕೇಳಿದರು.

“ಮೇಸ್ತ್ರಿಗೆ ಯಾಕಮ್ಮ ದುಡ್ಡು ಕೊಡ್ಲಿಲ್ಲ?”

ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕಟ್ಟೆ ಅಲ್ಲೇ ಇದ್ದರೆ ನೀವು ಕಾರು ಹತ್ತುವುದಕ್ಕೆ ಆಗಲ್ಲ ಅತ್ತೆ, ಅಂದೆ. ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿ ತಗೊಳ್ಳುತ್ತಾ ಕೂತರು.

“ತುಳಸಮ್ಮಂಗೂ ಕಾಲಿಲ್ಲ, ನಂಗೂ ಇಲ್ಲ. ಅವಳನ್ನ ಒಂದ್ಸಲ ಎತ್ತಿ ಆಚೆಗಿಟ್ರೆ ನನ್ನ ದಿನಾ ಎತ್ತೋದು ತಪ್ಪುತ್ತೆ ಅಂದ್ರೆ ಎತ್ಬುಡಿ. ಅವಳೇನು ಕೋಪ ಮಾಡ್ಕೊಳೋಳಲ್ಲ. ನಾನು ನೀರು ಹಾಕಿ ಸಾಕಿರೋಳು.” ಲೋಟ ಕೆಳಗಿಟ್ಟು ಅಂದರು: “ಆದ್ರೆ ಅವ್ರು ಜೋಡ್ಸಿದ ಇಟ್ಟಿಗೇನ ಆಚೆ ಎಸೀಬೇಡಿ.”

ನಾನು ಅವರ ಕಾಲು ಮುಟ್ಟಿದೆ, ಆಪರೇಷನ್ ಆಗದ ಕಾಲು. ಅವರು ಅದೇ ಕಾಲಿನಿಂದ ನನ್ನ ಕೈಯನ್ನು ಸರಿಸಿ, ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದರು.

ಹಾಗಾಗಿ ಲೆಕ್ಕ ಮೊದಲಿಂದ ಹಾಕಬೇಕಾಯಿತು. ಈ ಸಲ ಮೇಸ್ತ್ರಿಯ ಪಕ್ಕದಲ್ಲಿ ನಾನೇ ಕೂತೆ. ಮೊದಲ ಲೆಕ್ಕದಲ್ಲಿ ಬಾಗಿಲಿನ ಎರಡು ಮೆಟ್ಟಿಲು ಹಾಗೇ ಇದ್ದವು, ಅದನ್ನೂ ಯಾರೂ ಗಮನಿಸಿರಲಿಲ್ಲ. ಅಂಗಳಕ್ಕೇ ಮಣ್ಣು ತುಂಬಿ ಬಾಗಿಲಿನ ಮಟ್ಟಕ್ಕೆ ಏರಿಸಿ, ಗೇಟಿನ ಕಡೆಗೆ ಸಣ್ಣ ಇಳಿಜಾರು ಕೊಡಬೇಕು, ವಾಕರ್ ಎಲ್ಲೂ ಎತ್ತಬಾರದು ಎಂದೆ. ಹೊಸ ತುಳಸಿ ಕಟ್ಟೆಗೆ ಉಳಿದದ್ದು ಒಂದೇ ಜಾಗ, ಮುಂದಿನ ಕಾಂಪೌಂಡಿಗೂ ಅತ್ತೆಯವರ ಕಿಟಕಿಗೂ ನಡುವಿನ ಪಟ್ಟಿ; ಕಟ್ಟುವುದು ಹಳೆಯ ಇಟ್ಟಿಗೆಯಲ್ಲೇ. ಪುರೋಹಿತರನ್ನು ಕೇಳಿದೆವು. ಇನ್ನು ಎರಡು ವಾರಕ್ಕೆ ಕಾರ್ತಿಕದ ತುಳಸಿ ಹಬ್ಬ, ಅದು ಮುಗಿಯಲಿ, ಪೂಜೆ ಮಾಡಿ ಬೇರಿನ ಮಣ್ಣಿನ ಸಮೇತ ತೆಗೆದಿಡಿ, ದೋಷವಿಲ್ಲ ಎಂದರು. ಅವರ ದಕ್ಷಿಣೆಯನ್ನೂ ಅಂದಾಜಿನಲ್ಲಿ ಬರೆಯಿರಿ ಎಂದಾಗ ಮೇಸ್ತ್ರಿ ಪೆನ್ನು ಹಿಡಿದು ನನ್ನನ್ನು ನೋಡಿದರು. ಇಷ್ಟು ವರ್ಷದಲ್ಲಿ ಸಿಮೆಂಟಿನ ಕೆಳಗೆ ದಕ್ಷಿಣೆ ಬರೆದದ್ದು ಇದೇ ಮೊದಲು ಎಂದರು. ಖರ್ಚು ಅಂದಮೇಲೆ ಎಲ್ಲವೂ ಖರ್ಚೇ ಅಲ್ಲವೇ? ಆಮೇಲೆ ಕೈ ಕಚ್ಚಿಕೊಳ್ಳುವುದಕ್ಕಿಂತ ಮೊದಲೇ ಬರೆದಿಡುವುದು ಮೇಲು.

ಎಲ್ಲ ಕೂಡಿದಾಗ ಎರಡು ಲಕ್ಷ ಮೂವತ್ತು ಸಾವಿರವಾಯಿತು. ಕೈಯಲ್ಲಿದ್ದದ್ದು ಎರಡೇ.

ಮೂವತ್ತು ಸಾವಿರವನ್ನು ತೆಗೆಯಲು ನನಗೆ ಒಂದು ವಾರ ಹಿಡಿಯಿತು. ಚೌತಿಯ ಕಡುಬಿಗೆ ಹೂರಣ ಕಡಿಮೆ ಬಿದ್ದಾಗ ಕಣಕ ತೆಳ್ಳಗೆ ಲಟ್ಟಿಸುವ ಹಾಗೆ, ಒಂದೊಂದನ್ನೂ ತೆಳ್ಳಗೆ ಮಾಡಿದೆ. ನೆಲಕ್ಕೆ ಟೈಲ್ಸು ಬೇಡ, ಗೀರು ಹಾಕಿದ ಸಿಮೆಂಟು ಸಾಕು, ಅತ್ತೆಯವರಿಗೆ ಜಾರುವುದೂ ಇಲ್ಲ. ಹಳೆಯ ಗೇಟನ್ನು ಗುಜರಿಗೆ ಹಾಕುವುದು ಬೇಡ, ಅದರ ಕಂಬಿಗಳನ್ನೇ ಹೊಸ ಗೇಟಿಗೆ ಬೆಸೆಯಲಿ. ಗೇಟಿಗೆ ತುಕ್ಕು ಹಿಡಿಯದಂತೆ ಕೆಂಪು ಪ್ರೈಮರ್ ಮಾತ್ರ, ಬಣ್ಣ ಮುಂದೆ ನೋಡೋಣ. ಆದರೂ ಇನ್ನೂ ಹತ್ತು ಸಾವಿರ ಮೇಲಿತ್ತು. ಕೊನೆಗೆ ಶೀಟಿಗೆ ಕೈ ಹಾಕಿದೆ. ಹದಿನೆಂಟಡಿ ಬದಲು ಬಾಗಿಲ ಕಡೆಯಿಂದ ಹದಿಮೂರಡಿ ಸಾಕು ಎಂದೆ.

“ಬಾಗ್ಲು ಮುಂದೆ ಅಜ್ಜಿ ನಡೆಯಕ್ಕೆ ನಾಕಡಿ ಬುಟ್ರೆ ಕಾರಿನ ಮೂತಿ ಆಚೆಗಿರುತ್ತಲ್ಲಮ್ಮ, ನೆಂದೋಯ್ತದೆ,” ಎಂದರು ಮೇಸ್ತ್ರಿ.

“ನೆನೀಲಿ. ಇಷ್ಟು ದಿನ ಪೂರ್ತಿ ನೆಂದಿದೆ. ಅತ್ತೆ ಹತ್ತೋ ಬಾಗಿಲು ನೆನೀಬಾರದು.”

ಮೈದುನ ಬಂದು ನೋಡಿ ಅರ್ಧ ಶೆಡ್ಡು ಎಂದು ನಕ್ಕರು. ಅವರು ನಗುವಾಗ ನಾನೂ ನಕ್ಕೆ. ಬಂದವರು ಬರಿಗೈಲಿ ಬಂದಿರಲಿಲ್ಲ, ತಮ್ಮ ಮನೆಯಲ್ಲಿ ಮಿಕ್ಕಿದ್ದ ಮರಳನ್ನು ಆಟೋದಲ್ಲಿ ಹಾಕಿಸಿಕೊಂಡು ತಂದಿದ್ದರು. ಅದೂ ಲೆಕ್ಕದಲ್ಲಿ ಕಳೆಯಿತು. ಮೂರು ಕಡೆ ಗೋಡೆ ಇಲ್ಲದ ಬರೀ ಚಾವಣಿಯಾದ್ದರಿಂದ ಪಾಲಿಕೆ ಕಚೇರಿಯಲ್ಲಿ ಅನುಮತಿ ಕೇಳುವ ಕೆಲಸವೂ ಸಲೀಸಾಗಿ ಆಯಿತು. ಒಟ್ಟು ಅಂದಾಜು ಎರಡು ಲಕ್ಷಕ್ಕೆ ಒಂದಿಷ್ಟು ನೂರು ರೂಪಾಯಿ ಕಡಿಮೆ ಬಂದು ನಿಂತಾಗ, ನಂಜುಂಡೇಶ್ವರನ ಹುಂಡಿಗೆ ಆ ನೂರುಗಳನ್ನು ಎತ್ತಿಟ್ಟೆ.

ತುಳಸಿ ಹಬ್ಬವಾದ ಮೇಲೆ ಒಂದು ಬುಧವಾರ ತುಳಸಮ್ಮನನ್ನು ಎತ್ತಿದೆವು. ಅತ್ತೆಯವರು ಕಿಟಕಿಯ ಸರಳು ಹಿಡಿದು ನಿಂತೇ ನೋಡಿದರು. ಹೊಸ ಜಾಗದಲ್ಲಿ ಮೊದಲ ಒಂದು ವಾರ ಎಲೆ ಬಾಡಿ ನನಗೆ ಊಟ ಸೇರಲಿಲ್ಲ. ಆಮೇಲೆ ಕವಲಿನಲ್ಲಿ ಸಾಸಿವೆಯಷ್ಟು ಚಿಗುರು ಕಂಡಿತು. ಮಂಚದಲ್ಲಿ ಮಲಗಿದ್ದಲ್ಲಿಂದಲೇ ಅವರಿಗೆ ಅದು ಕಾಣುತ್ತದೆ ಎಂಬುದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಯಾರೋ ನನ್ನ ಕೈಯಿಂದ ಮಾಡಿಸಿದ್ದು.

ಕೆಲಸ ಮುಗಿದು, ಸಿಮೆಂಟು ಒಣಗಿ, ಮನೆಯವರು ಕಾರನ್ನು ಹಿಮ್ಮುಖವಾಗಿ ಒಳಗೆ ತಂದರು. ಕಾಂಪೌಂಡಿನ ಕಡೆ ಅವರು ಇಳಿಯಲು ಉಳಿದದ್ದು ಒಂದಡಿ. ಅವರದು ಬಡಕಲು ಮೈ, ಉಸಿರು ಬಿಗಿಹಿಡಿದು ನುಸುಳಿಬಿಟ್ಟರು. ಅದಕ್ಕೂ ದೇವರಿಗೆ ನಮಸ್ಕಾರ. ಎಡಗಡೆ ಬಾಗಿಲು ಪೂರ್ತಿ ತೆರೆದೆ. ಗೋಡೆಗೂ ಅದಕ್ಕೂ ನಡುವೆ ನನ್ನ ಒಂದು ಗೇಣು ಹಿಡಿಸಿತು.

ಅತ್ತೆಯವರು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಹೊಸ್ತಿಲು ದಾಟಿ, ವಾಕರನ್ನು ಒಂದೊಂದೇ ಹೆಜ್ಜೆ ಮುಂದಿಟ್ಟುಕೊಂಡು ಬಂದರು. ಮನೆಯವರು ಕೈ ಚಾಚಿದರು. ಬುಡು ಎಂದರು ಅತ್ತೆ. ಸೀಟಿಗೆ ಬೆನ್ನು ಮಾಡಿ ಮೆಲ್ಲಗೆ ಕೂತು, ಎರಡೂ ಕೈಯಿಂದ ಆ ಕಾಲನ್ನು ತಾವೇ ಎತ್ತಿ ಒಳಗಿಟ್ಟುಕೊಂಡು, ಬಾಗಿಲನ್ನು ಎಳೆದು ಹಾಕಿಕೊಂಡರು. ಎದುರು ಮನೆಯವರು ತಮ್ಮ ಗೇಟಿನಲ್ಲಿ ನಿಂತಿದ್ದರು. ಅತ್ತೆಯವರು ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡರು, ಮುಖದ ಮೇಲೆ ಎಳೆಯಲಿಲ್ಲ.

ಡಾಕ್ಟರ ಹತ್ತಿರಕ್ಕೆ ಹೊರಟಿದ್ದೆವು. ಗೇಟು ದಾಟಿ ಬೀದಿಗೆ ಬಂದು ತಿರುಗುವಷ್ಟರಲ್ಲಿ ಅವರು ಕಾರು ನಿಲ್ಲಿಸಲು ಹೇಳಿದರು. ಏನಾದರೂ ನೋವೋ ಎಂದು ನಾನು ಹಿಂದಿನ ಸೀಟಿನಿಂದ ಬಗ್ಗಿದೆ. ಅವರು ಗಾಜು ಇಳಿಸಿ ನಮ್ಮ ಮನೆಯನ್ನು ನೋಡುತ್ತಿದ್ದರು. ಬಿದ್ದ ದಿನದಿಂದ ತಮ್ಮ ಮನೆಯನ್ನು ಹೊರಗಿನಿಂದ ಅವರು ನೋಡಿಯೇ ಇರಲಿಲ್ಲ. ಕಿಟಕಿಯ ಕೆಳಗಿನ ತುಳಸಿ, ಶೀಟಿನ ಚಾವಣಿ, ಬಾಗಿಲವರೆಗೂ ಏರಿದ ಅಂಗಳ, ಎಲ್ಲದರ ಮೇಲೂ ಕಣ್ಣಾಡಿಸಿದರು. ಹಿಂದೆ ಒಂದು ಬೈಕು ಹಾರನ್ ಹೊಡೆಯಿತು, ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಗೇಟಿಗೆ ಬಣ್ಣ ಹೊಡ್ಸಿಲ್ವಾ?”

“ಇನ್ನೊಂದು ಚೀಟಿ ಎತ್ತಿದ ಮೇಲೆ ಹೊಡೆಸ್ತೀನಿ ಅತ್ತೆ.”

“ಹಸಿರು ಹೊಡ್ಸು. ಈ ಕೆಂಪು ನೋಡಕ್ಕಾಗಲ್ಲ,” ಎಂದರು. ಗಾಜು ಏರಿಸಲು ಗುಂಡಿ ಹುಡುಕುತ್ತಾ ಅಂದರು: “ನಾನು ದಿನಾ ಹೋಗ್ತಾ ಬರ್ತಾ ನೋಡ್ಬೇಕಲ್ಲ.”